ಕ್ಷುದ್ರಗ್ರಹಕ್ಕೊಬ್ಬ ಚಂದ್ರ

ಒಂದು ಸಲ ಆರಬೇಕಾದ ನಕ್ಷತ್ರ ಎರಡು ಸಲ ಆರಿತ್ತು. ಸೊಸೆ ಎದ್ದವಳೇ ಅಡುಗೆಮನೆಯ ಮೇಜಿನ ಮುಂದೆ ಕೂತು ಟೆಲಿಸ್ಕೋಪಿನಲ್ಲಿ ತೆಗೆದ ಆ ವಿಡಿಯೊವನ್ನು ಹಿಂದಕ್ಕೂ ಮುಂದಕ್ಕೂ ಓಡಿಸುತ್ತಿದ್ದಳು. ಊರವರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುವವಳು, ಇವತ್ತು ತನ್ನ ಹಲ್ಲನ್ನೇ ಉಜ್ಜಿರಲಿಲ್ಲ.

ಮಂಗಳನಿಗೂ ಗುರುವಿಗೂ ನಡುವೆ ಸುತ್ತುವ ಕಲ್ಲುಗಳ ಪಟ್ಟಿ ಇದೆಯಲ್ಲ, ಅದರ ಒಳ ಅಂಚಿನಲ್ಲಿರುವ ಒಂದು ಸಣ್ಣ ಕ್ಷುದ್ರಗ್ರಹ ನಿನ್ನೆ ಮುಸ್ಸಂಜೆ ಆ ನಕ್ಷತ್ರಕ್ಕೆ ಅಡ್ಡ ಬರುವುದಿತ್ತು. ಅದಕ್ಕೆ ಹೆಸರೂ ಇಲ್ಲ, ಬರೀ ನಂಬರು. ಟೆಲಿಸ್ಕೋಪಿನಲ್ಲಿ ನೋಡಿದರೂ ಚುಕ್ಕಿಗಿಂತ ಹೆಚ್ಚೇನೂ ಕಾಣದು. ಆದರೆ ಅದು ಅಡ್ಡ ಬಂದಾಗ ನಕ್ಷತ್ರ ಆರುತ್ತದೆ, ದಾಟಿದೊಡನೆ ಹೊತ್ತಿಕೊಳ್ಳುತ್ತದೆ. ಯಾವ ಊರಲ್ಲಿ ಎಷ್ಟು ಹೊತ್ತು ಆರಿತ್ತೆಂದು ಜೋಡಿಸಿ ನೋಡಿದರೆ ಕಲ್ಲಿನ ಆಕಾರ ಸಿಗುತ್ತದೆ. ದುಂಡಗಿದೆಯೋ, ದವಡೆಹಲ್ಲಿನ ಹಾಗೆ ಸೊಟ್ಟಗಿದೆಯೋ. ಅದಕ್ಕೇ ಆಕಾಶ ನೋಡುವ ಹವ್ಯಾಸದ ಅವಳ ಸಂಘದವರೆಲ್ಲ ತಂತಮ್ಮ ತಾರಸಿಯಲ್ಲಿ ಟೆಲಿಸ್ಕೋಪು ಹೂಡಿದ್ದರು. ಎಲ್ಲರಿಗೂ ಒಂದೇ ಸಲ ಆರಿತ್ತು. ಇವಳಿಗೆ ಮಾತ್ರ ಆರಿ, ಹೊತ್ತಿ, ತುಸು ಬಿಟ್ಟು ಮತ್ತೊಮ್ಮೆ ಆರಿತ್ತು.

"ಚಂದ್ರ ಕಣಮ್ಮಾ, ಚಂದ್ರ!" ಫೋನಿನಲ್ಲಿ ಸಂಘದ ಹಿರಿಯರು ಕೂಗುತ್ತಿದ್ದರು. ರೈಲಿನ ಗಾರ್ಡ್ ಆಗಿದ್ದವರು, ಮೆತ್ತಗೆ ಮಾತಾಡಿ ಅಭ್ಯಾಸವಿಲ್ಲ. "ಆ ಕಲ್ಲಿಗೊಬ್ಬ ಮರಿಚಂದ್ರ ಇದ್ದಾನೆ. ಅವನ ನೆರಳು ನಿಮ್ಮನೆ ಮೇಲೆ ಮಾತ್ರ ಬಿದ್ದಿದೆ. ಲೆಕ್ಕ ಹಾಕಿ ನೋಡ್ದೆ, ಐದಾರು ಕಿಲೋಮೀಟರ್ ಅಗಲ! ದೊಡ್ಡ ವೀಕ್ಷಣಾಲಯದವರಿಗೆ ಈಗಲೇ ಬರೀತೀನಿ. ಕಂಡುಹಿಡಿದೋಳು ನೀನು ಅಂತಾನೇ ಬರೀತೀನಿ. ಒಂದೇ ಒಂದು ಹೇಳು, ಟೆಲಿಸ್ಕೋಪ್ ಮುಂದೆ ಯಾರೂ ಸುಳಿದಿಲ್ಲ ತಾನೆ?"

"ಇಲ್ಲ ಸರ್" ಅನ್ನಲು ಬಾಯಿ ತೆರೆದಳು. ಆದರೆ ಅದನ್ನು ಅವಳು ನೋಡಿದ್ದೆಲ್ಲಿ? ಆ ಹೊತ್ತಿನಲ್ಲಿ ಅವಳು ಕಂಪ್ಯೂಟರಿನ ಬೆಳಕು ಹೊರಗೆ ಬೀಳಬಾರದೆಂದು ತಾರಸಿಯ ಪುಟ್ಟ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಸಾಲದ್ದಕ್ಕೆ, ನಕ್ಷತ್ರ ಮೊದಲ ಸಲ ಸ್ವಿಚ್ಚು ಒತ್ತಿದ ಹಾಗೆ ಆರಿತ್ತು. ಎರಡನೆಯ ಸಲ ಬತ್ತಿ ಇಳಿಸಿದ ಹಾಗೆ, ಮೆಲ್ಲಗೆ; ಕಲ್ಲು ಅಡ್ಡ ಬಂದರೆ ಹಾಗಾಗುವುದಿಲ್ಲ. ಅದನ್ನು ಬೆಳಗಿನಿಂದ ನೋಡಿಯೂ ನೋಡದವಳ ಹಾಗೆ ಇದ್ದಳು. "ಒಂದ್ನಿಮಿಷ ಇರಿ ಸರ್," ಎಂದು ಫೋನನ್ನು ಮೇಜಿನ ಮೇಲಿಟ್ಟಳು.

ಅತ್ತೆ ಕಿಟಕಿಯ ಹತ್ತಿರ ಒಣಗಿದ ಬಟ್ಟೆ ಮಡಚುತ್ತಿದ್ದರು. ಮನೆಯಲ್ಲಿ ನಿನ್ನೆ ಇದ್ದದ್ದು ಅವರಿಬ್ಬರೇ.

"ಅತ್ತೆ, ನಿನ್ನೆ ಸಂಜೆ ತಾರಸಿಗೆ ಬಂದಿದ್ರಾ?"

"ನಾನ್ಯಾಕೆ ಬರ್ಲಿ? ಆ ಕಡೆ ತಲೆ ಹಾಕ್ಬೇಡಿ ಅಂತ ಬಡ್ಕೊಂಡಿದ್ದೆಯಲ್ಲ."

"ಬಂದಿಲ್ಲ ತಾನೆ?"

"ಇಲ್ಲ ಕಣೇ. ಪೊಲೀಸರ ಥರ ಅದೆಷ್ಟು ಸಲ ಕೇಳ್ತೀಯ? ಏನಾಯ್ತೀಗ?"

ಸೊಸೆಗೆ ಹೋದ ಜೀವ ಬಂದಂತಾಯಿತು. "ಆ ಕಲ್ಲಿಗೊಬ್ಬ ಚಂದ್ರ ಸಿಕ್ಕಿದ್ದಾನೆ ಅತ್ತೆ! ನನಗೇ ಸಿಕ್ಕಿದ್ದು! ಐದಾರು ಕಿಲೋಮೀಟರ್ ಇದ್ದಾನಂತೆ."

"ಅಷ್ಟೇನಾ? ನಮ್ಮ ಮಾರ್ಕೆಟ್ಟಿಗೆ ಹೋಗಿ ಬಂದಷ್ಟು!" ಅತ್ತೆ ಟವೆಲನ್ನು ತೊಡೆಯ ಮೇಲೆ ಹಾಗೇ ಬಿಟ್ಟರು. "ಅದಕ್ಕೂ ಹುಣ್ಣಿಮೆ ಅಮಾವಾಸ್ಯೆ ಎಲ್ಲ ಇರುತ್ತಾ? ಅಲ್ಲ ಕಣೇ, ಅಷ್ಟು ದೂರದ್ದು ಇಲ್ಲಿಗೆ ಹೆಂಗೆ ಗೊತ್ತಾಗುತ್ತೆ? ನಿನ್ನ ಟೆಲಿಸ್ಕೋಪಿನ ತಳದಲ್ಲಿರೋದು ನೋಡಿದ್ರೆ ನಾವು ಮುಖ ನೋಡ್ಕೊಳ್ಳೋ ಕನ್ನಡಿ ಥರಾನೇ ಇದೆ."

ಫೋನಿನತ್ತ ಚಾಚಿದ್ದ ಸೊಸೆಯ ಕೈ ಅಲ್ಲೇ ನಿಂತಿತು. ಬಕೆಟ್ಟಿನಷ್ಟು ಅಗಲದ ಆ ಕೊಳವೆಯ ತಳದಲ್ಲಿ ಕನ್ನಡಿ ಇರುವುದು ಮುಚ್ಚಳ ತೆಗೆದಿದ್ದಾಗ ಬಾಯಿಯಿಂದ ಇಣುಕಿದವರಿಗಷ್ಟೇ ಕಾಣುತ್ತದೆ. ಟೆಲಿಸ್ಕೋಪು ಮನೆಗೆ ಬಂದು ವರ್ಷಗಳಾದರೂ ಅವಳು ಒಂದು ದಿನವೂ ಅತ್ತೆಯನ್ನು ಕರೆದು ತೋರಿಸಿರಲಿಲ್ಲ.

ಬಾಯಿ ಜಾರಿದ್ದು ಅತ್ತೆಗೂ ಗೊತ್ತಾಯಿತು. ಮಡಚಿದ್ದ ಅಂಗಿಯೊಂದನ್ನು ಬಿಚ್ಚಿ ಮತ್ತೆ ಮಡಚಿದರು.

"ಬಟ್ಟೆ ತರೋಕೆ ಹೊರಗಿನ ಮೆಟ್ಟಿಲಿಂದ ಬಂದಿದ್ದೆ. ಇನ್ನೂ ಚೂರು ಬೆಳಕಿತ್ತು. ಅಷ್ಟಗಲ ಬಾಯಿ ತೆರ್ಕೊಂಡು ನನ್ನ ಎತ್ತರಕ್ಕೇ ನಿಂತಿತ್ತು, ಇಣುಕಿದೆ. ಕಣ್ಣಿಡೋ ಜಾಗ ಬೇರೆ ಅಂತ ನನಗೇನು ಗೊತ್ತು?" ಆಮೇಲೆ ದನಿ ತಗ್ಗಿಸಿದರು. "ಬರ್ಲಿಲ್ಲ ಅಂತಾನೇ ಹೇಳ್ಬಿಡೇ. ನಾನಂತೂ ಇನ್ನು ಬಾಯಿ ಬಿಡಲ್ಲ. ನಿನ್ನ ಹೆಸರು ಬರ್ಲಿ."

"ಹಲೋ! ಹಲೋ! ಏನಂತಾರಮ್ಮಾ?" ಎಂದು ಮೇಜಿನ ಮೇಲಿಂದ ಗಾರ್ಡ್ ಕೂಗಿದರು.

ಸೊಸೆ ಕಂಪ್ಯೂಟರಿನ ಪರದೆ ನೋಡಿದಳು. ಐದಾರು ಕಿಲೋಮೀಟರಿನ ಚಂದ್ರ, ಬತ್ತಿ ಇಳಿಸಿದ ಹಾಗೆ ಆರುತ್ತಿದ್ದ ನಕ್ಷತ್ರ. ಫೋನೆತ್ತಿದಳು.

"ಬರೀಬೇಡಿ ಸರ್. ಚಂದ್ರ ಇಲ್ಲ."

"ಮತ್ತೆ ಅಡ್ಡ ಬಂದಿದ್ದು?"

"ನಮ್ಮತ್ತೆ. ಟೆಲಿಸ್ಕೋಪಿನ ಬಾಯಿಂದ ಒಳಗೆ ಇಣುಕಿದ್ರಂತೆ."

"ಅಯ್ಯೋ, ಐದಾರು ಕಿಲೋಮೀಟರ್ ಅಂದಿದ್ದು ನನ್ನ ತಲೆನಾ?" ಎಂದರು ಅತ್ತೆ.

ಈಗ ಬೈಗುಳ ಬರುತ್ತದೆ ಎಂದು ಸೊಸೆ ಫೋನನ್ನು ಕಿವಿಯಿಂದ ದೂರ ಹಿಡಿದಳು. ಗಾರ್ಡ್ ಮೊದಲ ಸಲ ಮೆತ್ತಗೆ ಮಾತಾಡಿದರು.

"ಇಷ್ಟು ವರ್ಷ ಆಯ್ತಲ್ಲಮ್ಮ, ನಾನು ಆ ಕಡೆಯಿಂದ ಒಂದಿನಾನೂ ನೋಡಿಲ್ಲ ನೋಡು. ಕೇಳು ಅವರನ್ನ, ಒಳಗೆ ಏನು ಕಾಣಿಸ್ತಂತೆ?"

ಅವಳಿಗೂ ಅದನ್ನು ಕೇಳಬೇಕೆಂದು ಹೊಳೆದಿರಲಿಲ್ಲ. ತಿರುಗಿ ನೋಡಿದಳು.

"ಒಬ್ಳು ಮುದುಕಿ," ಎಂದರು ಅತ್ತೆ. "ಅವಳ ಹಿಂದೆ ಬರೀ ಆಕಾಶ. ಅವಳೂ ಬಗ್ಗಿ ನನ್ನನ್ನೇ ನೋಡ್ತಿದ್ಲು, ಇದ್ಯಾರು ಇಲ್ಲಿ ಅಂತ."