ಹೊಸಿಲು ದಾಟದ ದನಿ

"ಆಪಾ, ನಿನ್ನ ಡಬ್ಬಿ ಈಗ ಕುದರಿ ಓಡಿದಂಗ ಓಡತೈತಿ ನೋಡು! ಒಳಗಿಂದೆಲ್ಲಾ ಅಳಿಸಿ ಹೊಸದಾಗಿ ಹಾಕೀನಿ," ಎನ್ನುತ್ತ ತಾಹೇರ ಅಂಗೈಯಗಲದ ಕಂಪ್ಯೂಟರನ್ನು ಅಕ್ಕನ ಕೈಗಿಟ್ಟ. ಅದಿನ್ನೂ ಬೆಚ್ಚಗಿತ್ತು. ಮುಬಾಶಿರಾ ತೆರೆದು ನೋಡಿದಳು. ತೊಳೆದಿಟ್ಟ ತಾಟಿನಂತೆ ಎಲ್ಲ ಖಾಲಿ.

"ಯಾಕ ಮಾರಿ ಸಣ್ಣ ಮಾಡ್ತಿ? ನಿನ್ನವೆಲ್ಲಾ ಕ್ಲೌಡಿನಾಗ ಇರತಾವಲ್ಲ, ಇಳಿಸ್ಕೋ."

ಕ್ಲೌಡಿನಲ್ಲಿ ಏನೂ ಇರಲಿಲ್ಲ. ಅಕ್ಕಿ ಆರಿಸುತ್ತ, ಕಾರಟಗಿಯ ತವರಿನ ಕಥೆ ಹೇಳುತ್ತ, ನಡುನಡುವೆ ಬೆಕ್ಕನ್ನು ಬೈಯುತ್ತ ಅಮ್ಮಿ ಆಡಿದ ಮಾತುಗಳನ್ನು ಅವಳು ಇದೊಂದರಲ್ಲೇ ರೆಕಾರ್ಡ್ ಮಾಡಿ ತುಂಬಿಟ್ಟಿದ್ದಳು. "ನನ್ನ ದನಿ ಈ ಹೊಸಿಲು ದಾಟಬಾರದು ಬೇಟಾ, ಗುರ್ತಿಲ್ಲದ ಮಂದಿ ಕಿವಿಗೆ ಬೀಳೂದು ಬ್ಯಾಡ," ಎಂದು ಸಾಯುವ ಮೊದಲು ಅಮ್ಮಿ ಆಣೆ ಮಾಡಿಸಿದ್ದಳು. ಅದಕ್ಕೇ ಮಗಳು ಈ ಡಬ್ಬಿಗೆ ಇಂಟರ್ನೆಟ್ಟನ್ನೇ ಜೋಡಿಸಿರಲಿಲ್ಲ. ತಮ್ಮನಿಗೂ ಹೇಳಿರಲಿಲ್ಲ, ಅವನು ಸಿಕ್ಕಿದ್ದನ್ನೆಲ್ಲ ಸ್ಟೇಟಸ್ಸಿಗೆ ಹಾಕುವವನು.

"ಬೇಕಾಗಿದ್ದು ಏನರ ಇತ್ತೇನ ಅದರಾಗ?"

"ಇಲ್ಲ ಬಿಡು."

ಚಪ್ಪಲಿ ಮೆಟ್ಟಿದ ತಾಹೇರ ಬಾಗಿಲಲ್ಲೇ ನಿಂತ. "ಆಪಾ, ಅಮ್ಮೀ ದನಿ ಎಲ್ಲ್ಯಾರ ಐತೇನು ನಿನ್ನ ಕಡೆ? ನನ್ನ ಫೋನಿನಾಗ ಭಾಳ ಹುಡುಕಿದೆ. ಫೋಟೋ ಅದಾವ, ದನಿ ಒಂದೂ ಇಲ್ಲ."

ಮುಬಾಶಿರಾ ಇಲ್ಲವೆಂದು ತಲೆಯಾಡಿಸಿದಳು. ಅವಳ ಅಂಗೈಯಲ್ಲಿ ಡಬ್ಬಿ ನಿಧಾನವಾಗಿ ತಣ್ಣಗಾಗುತ್ತಿತ್ತು.