ಫೋಟೊಕ್ಕೆ ರೋಗಿ ಬೇಕಾಗಿದ್ದಾರೆ

ಒಂದು ಬಾಳೆಹಣ್ಣನ್ನು ಏಳೆಂಟು ಮಂದಿ ಹಿಡಿದುಕೊಂಡು ಅನಸುಬಾಯಿಯ ಮಂಚದ ಮುಂದೆ ನಿಂತಿದ್ದರು. ಹಣ್ಣಿಗೆ ಎಲ್ಲರಿಗಿಂತ ಹತ್ತಿರವಿದ್ದ ಕೈ ಅಶೋಕಕುಮಾರರದು. ಅವತ್ತು ಅವರ ಹುಟ್ಟುಹಬ್ಬ. ಕಬ್ಬಿಣ, ಸಿಮೆಂಟಿನ ಅಂಗಡಿಯಿಂದ ರಾಜಕೀಯಕ್ಕೆ ಕಾಲಿಡುತ್ತಿದ್ದ ಅವರಿಗೆ, ಸರಕಾರಿ ಆಸ್ಪತ್ರೆಯಲ್ಲಿ ಹಣ್ಣು, ಬ್ರೆಡ್ಡು ಹಂಚದಿದ್ದರೆ ಹುಟ್ಟಿದ್ದೂ ಲೆಕ್ಕಕ್ಕೆ ಬರುವುದಿಲ್ಲ ಎಂದು ಯಾರೋ ಹೇಳಿಕೊಟ್ಟಿದ್ದರು. ಸ್ಟುಡಿಯೊದ ಬಾಬುಮಿಯಾ ಕ್ಯಾಮೆರಾವನ್ನು ಕಣ್ಣಿಗೆ ಏರಿಸಿದ್ದ.

ಅನಸುಬಾಯಿ ಚಾದರವನ್ನು ತಲೆಯ ಮೇಲೆ ಎಳೆದುಕೊಂಡಳು.

"ಏ ಅಕ್ಕಾ, ಜರಾ ಮಾರಿ ತೋರ್ಸು. ನಾಳಿ ಪೇಪರಿನ್ಯಾಗ ಬರ್ತದ," ಎಂದ ಹಿಂಬಾಲಕರಲ್ಲಿ ಮುಂದಿದ್ದ ಸೂಗಪ್ಪ.

ಅವಳಿಗೆ ಬೇಡವಾಗಿದ್ದದ್ದು ಅದೇ. ಅನಸುಬಾಯಿ ಕೋಡ್ಲಾ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ವಾಡಿಯಲ್ಲಿರುವ ಅಕ್ಕನ ಮನೆಗೆ ಹೋಗುತ್ತೇನೆಂದು ಊರಿಗೆಲ್ಲ ಹೇಳಿ ಇಲ್ಲಿ ಬಂದು ಮಲಗಿದ್ದಳು. ಏನು ಕಾಯಿಲೆ ಎಂದು ನನ್ನನ್ನು ಕೇಳಬೇಡಿ. ಹೇಳಿದರೆ ನನಗೂ ಬಾಬುಮಿಯಾನ ಕ್ಯಾಮೆರಾಕ್ಕೂ ಏನು ಫರಕು? ಯಾರಿಗೂ ಅಂಟುವಂಥದ್ದಲ್ಲ, ಸೋಮವಾರದಿಂದ ಅಡುಗೆಗೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಅಷ್ಟು ಸಾಕು. ಆದರೆ ಡಾಕ್ಟರ ಮಾತು ಊರಿಗೆ ಎಲ್ಲಿ ಸಾಕಾಗುತ್ತದೆ? ಆಸ್ಪತ್ರೆಯ ಮಂಚದ ಮೇಲಿನ ಅವಳ ಫೋಟೊ ಫೋನಿನಿಂದ ಫೋನಿಗೆ ಹಾರಿದರೆ, "ಜಡ್ಡಿನಾಕಿ ಕೈಲೆ ನಮ್ಮ ಹುಡುಗ್ರು ಉಣ್ಣಾದು ಬ್ಯಾಡ" ಎಂದು ನಾಲ್ಕು ಮಂದಿ ಶಾಲೆಯ ಬಾಗಿಲಿಗೆ ಬರುತ್ತಿದ್ದರು. ಅಲ್ಲಿಗೆ ಅವಳ ಮನೆಯ ಒಲೆಯೂ ಆರಿದಂತೆಯೇ.

ಕ್ಯಾಮೆರಾಕ್ಕೆ ಅಡ್ಡ ಬಂದು ನಿಂತವಳು ವಾರ್ಡಿನ ಸಿಸ್ಟರ್ ಕರುಣಾ. ಕೈಯಲ್ಲಿ ಇಂಜೆಕ್ಷನ್ ಟ್ರೇ ಇತ್ತು.

"ಹಣ್ಣು ಕೊಡ್ರಿ ಸಾಹುಕಾರ್ರೆ, ನಾ ಬ್ಯಾಡನ್ನಲ್ಲ. ಫೋಟೊ ಮಾತ್ರ ಇಲ್ರಿ. ರೋಗಿಗಳ ಮಾರಿ ಹೊರಗಿನವರಿಗಿ ತೋರ್ಸಾದು, ಅವರ ಜಡ್ಡು ಹೊರಗ ಹೇಳಾದು, ಎರಡೂ ನಮ್ಮ ನೌಕರಿಯಾಗ ನಡೆಯಂಗಿಲ್ಲ."

ಸೂಗಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಸಿಸ್ಟರ್, ಯಾರ ಮುಂದ ನಿಂತು ಮಾತಾಡ್ಲಿಕತ್ತೀರಿ ಗೊತ್ತದ ಏನು? ನಾಳಿಗೇ ಕುಂಚಾವರಂ ಕಾಡಿಗಿ ಟ್ರಾನ್ಸ್‌ಫರ್ ಮಾಡಸ್ತೀವಿ!"

"ಭಾಳ ಛಲೋ ಆತ್ರಿ. ನಮ್ಮವ್ವನ ಮನಿ ಅಲ್ಲೇ ಅದ. ಕೇಳಿ ಕೇಳಿ ನನಗೂ ಸಾಕಾಗ್ಯದ, ಯಾರೂ ಕೊಡವಲ್ರು. ನಿಮ್ಮ ಕಡಿಂದರೆ ಆಗ್ಲಿ."

ವಾರ್ಡಿನ ಮೂಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಶೋಕಕುಮಾರರು ಕೆಟ್ಟ ಮನುಷ್ಯರೇನಲ್ಲ. ಬೆಳಗಿನಿಂದ ಹಾರ ಹಾಕಿಸಿಕೊಂಡು ಕುತ್ತಿಗೆ ತುರಿಸುತ್ತಿತ್ತು, ಬೇಗ ಮುಗಿದರೆ ಸಾಕಾಗಿತ್ತು.

"ಅಲ್ರಿ ಸಿಸ್ಟರ್, ಒಂದೇ ಒಂದು. ರೋಗಿನೇ ಇಲ್ದಿದ್ರ ಹಣ್ಣು ಹಂಚಿದ್ ಫೋಟೊ ಹ್ಯಾಂಗ್ ಆಗ್ತದ?"

ಬಾಗಿಲ ಹೊರಗೆ ಒಂದು ಸ್ಟ್ರೆಚರ್ ಖಾಲಿ ನಿಂತಿತ್ತು. ಕರುಣಾ ಅದರ ಮೇಲೆ ಕಂಬಳಿ ಹಾಸಿ, ದಿಂಬು ಇಟ್ಟಳು. "ರೋಗಿನೇ ಬೇಕಲ್ಲ? ನಿಮ್ಮವರೊಳಗ ಯಾರರೆ ಒಬ್ರು ಮಲ್ಗರಿ. ತಾನಾಗಿ ಮಲಗಿದವರ ಫೋಟೊಕ್ಕ ನಾ ಯಾಕ ಬ್ಯಾಡಂತೀನಿ?"

"ಸೂಗಪ್ಪಾ, ಮಲ್ಗು," ಎಂದರು ಅಶೋಕಕುಮಾರರು.

ಸೂಗಪ್ಪ ಹಿಂದೆ ಸರಿದ. "ನನ್ನ ಮಗಳಿಗಿ ನೋಡ್ಲಿಕ್ಕ ಬರಾವ್ರಿದ್ದಾರ್ರಿ ಅಣ್ಣಾ. ಆಕಿ ಅಪ್ಪಗ ಏನೋ ಜಡ್ಡದ ಅಂತಾರ." ಅವನ ಪಕ್ಕದವನು ಹೊಸದಾಗಿ ವಿಮೆ ಮಾಡಿಸಬೇಕಾಗಿತ್ತು. ಅವನ ಹಿಂದಿನವನ ಅವ್ವ ಪೇಪರು ನೋಡಿ ಎದೆ ಒಡೆದುಕೊಳ್ಳುತ್ತಿದ್ದಳಂತೆ. ಉಳಿದವರಿಗೆಲ್ಲ ಒಮ್ಮೆಲೇ ಫೋನು ಬಂತು.

"ಹಂಗಾರ ನೀವೇ ಮಲ್ಗರಿ ಸಾಹುಕಾರ್ರೆ. ಹುಟ್ಟುಹಬ್ಬ ನಿಮ್ದು."

"ನಾನಾ?" ಅಶೋಕಕುಮಾರರು ಜೋರಾಗಿ ನಕ್ಕರು. "ಇಲೆಕ್ಷನ್ ಮುಂದಿಟ್ಕೊಂಡು? ಮಂದಿ ಏನ್ ತಿಳ್ಕೋತಾರ್ರಿ? ಸುಳ್ಳೇ ಮಲ್ಗಿದ್ರೂ ನಾಳಿ ಊರೆಲ್ಲ..."

ಮಾತು ಅಲ್ಲಿಗೇ ನಿಂತಿತು. ಅವರ ಕಣ್ಣು ಅನಸುಬಾಯಿಯ ಚಾದರದ ಮೇಲೆ ಬಿದ್ದಿತ್ತು. ಚಾದರದ ಅಂಚನ್ನು ಒಳಗಿನಿಂದ ಎರಡು ಮುಷ್ಟಿಗಳು ಬಿಗಿಯಾಗಿ ಹಿಡಿದುಕೊಂಡಿದ್ದವು. ಕರುಣಾ ತನ್ನ ಟ್ರೇಯ ಕಡೆ ತಿರುಗಿದಳು. ಗೆದ್ದವರು ಬಾಯಿ ಮುಚ್ಚಿಕೊಂಡಿರುವುದೇ ಲೇಸೆಂದು ಅವಳಿಗೆ ಗೊತ್ತಿತ್ತು.

"ಬಾಬುಮಿಯಾ, ಹೊರಗ ನಡಿ," ಎಂದರು ಅಶೋಕಕುಮಾರರು. "ಸೂಗಪ್ಪಾ, ನೀವೂ ಎಲ್ರೂ ನಡೀರಿ."

ಹಣ್ಣಿನ ಬುಟ್ಟಿಯನ್ನು ತಾವೇ ಎತ್ತಿಕೊಂಡು ಮಂಚದಿಂದ ಮಂಚಕ್ಕೆ ಹೋದರು. ಕ್ಯಾಮೆರಾ ಇಲ್ಲದೆ ಕೊಟ್ಟು ರೂಢಿ ಇರಲಿಲ್ಲ ಪಾಪ, ಮೊದಲ ಎರಡು ಮಂಚಗಳಲ್ಲಿ ಹಣ್ಣು ಕೊಡುತ್ತಾ ಗೋಡೆಯ ಕಡೆ ನೋಡಿ ನಕ್ಕರು. ಮೂರನೆಯದರಲ್ಲಿ ಮುದುಕಿಯ ಮುಖ ನೋಡಿ, "ಸುಲ್ದು ಕೊಡ್ಲೇನಬೇ?" ಎಂದು ಕೇಳಿದರು. ಅನಸುಬಾಯಿಯ ಹತ್ತಿರ ಬಂದಾಗ ಚಾದರದೊಳಗಿಂದ ಒಂದು ಕೈ ಹೊರಬಂದು, ಹಣ್ಣು ತೆಗೆದುಕೊಂಡು ಒಳಗೆ ಹೋಯಿತು.

"ನೂರು ವರ್ಷ ಬಾಳಪ್ಪಾ," ಎಂದಿತು ಒಳಗಿನ ದನಿ. ಬೆಳಗಿನಿಂದ ಅವರಿಗೆ ಬಂದ ಹಾರೈಕೆಗಳಲ್ಲಿ ಮನಸಾರೆ ಬಂದದ್ದು ಬಹುಶಃ ಅದೊಂದೇ.

ಖಾಲಿ ಬುಟ್ಟಿ ಹಿಡಿದು ಹೊರಟವರು ಬಾಗಿಲಲ್ಲಿ ನಿಂತರು. ಒಳ್ಳೆಯ ಕೆಲಸ ಮಾಡಿದ ಮನುಷ್ಯನಿಗೆ ಸಣ್ಣದೊಂದು ಹಕ್ಕು ಹುಟ್ಟಿಕೊಳ್ಳುತ್ತದೆ. ದನಿ ತಗ್ಗಿಸಿ ಕೇಳಿದರು, "ನಾ ಯಾರ ಮುಂದನೂ ಬಾಯಿ ಬಿಡಲ್ರಿ ಸಿಸ್ಟರ್. ಖರೇ ಹೇಳ್ರಿ, ಆಕಿಗಿ ಏನಾಗ್ಯದ?"

ಕರುಣಾ ಸಿರಿಂಜಿಗೆ ಔಷಧಿ ಎಳೆಯುತ್ತಲೇ ಹೇಳಿದಳು:

"ನಾಳಿ ನೀವು ಇಲ್ಲಿ ಬಂದು ಮಲ್ಗಿದ್ರ, ಆಕಿನೂ ಹಿಂಗೇ ಕೇಳ್ತಾಳ್ರಿ ಸಾಹುಕಾರ್ರೆ. ಆಕಿಗಿ ನಾ ಏನ್ ಹೇಳ್ಲಿ?"