ಕಚ್ಚಿಕೊಂಡ ಮೌತ್‌ಪೀಸ್

ಟ್ರಂಪೆಟ್ಟಿನ ಮುಂದಿನ ಬಾಗುಕೊಳವೆಯನ್ನು ಎಳೆದು ತೆಗೆದು, ಅದರ ಒಳಮಗ್ಗುಲಿಗೆ ದೀಪ ಹಿಡಿದ ರಿಪೇರಿಯವನು "ನಿಮ್ಮಪ್ಪನದೇ" ಎಂದ.

ಮಗಳು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು. ಯಾವ ಮಾತನ್ನೂ ಎರಡು ಸಲ ಕೇಳಿಯೇ ನಂಬುವುದು ಅವಳಿಗೆ ಅಭ್ಯಾಸವಾಗಿತ್ತು. ನಡುವಿನ ವಾಲ್ವಿನ ಮೇಲೆ ಕೊರೆದಿದ್ದ ನಂಬರು ತೋರಿಸಿದಳು. ನಂಬರಿನಿಂದ ಕಾರ್ಖಾನೆ ತಿಳಿಯುತ್ತದೆ, ಅರವತ್ತು ವರ್ಷ ಹಳೆಯದು ಅನ್ನುವುದೂ ತಿಳಿಯುತ್ತದೆ, ಊದಿದವನು ಯಾರೆಂದು ತಿಳಿಯುವುದಿಲ್ಲ ಎಂದ ಅವನು. ಎಡಗೈ ಹಿಡಿಯುವ ಜಾಗದಲ್ಲಿ ಬೆಳ್ಳಿಯ ಲೇಪ ಸವೆದು ಹಿತ್ತಾಳೆ ಕೆಂಪಗಾಗಿತ್ತು. ಅವಳ ಅಪ್ಪನ ಬೆವರು ಲೋಹ ತಿನ್ನುವಂಥದು. ಆದರೆ ಅಂಥ ಬೆವರಿನವರು ಬೇಕಾದಷ್ಟು ಜನ ಇದ್ದಾರೆ. ಕೊನೆಗೆ ಅವನು ಕೊಳವೆಯ ಬಾಗಿನಲ್ಲಿ ಕಡಲೆಗಾತ್ರದ ಬೆಸುಗೆಯ ಮುದ್ದೆಯೊಂದನ್ನು ಬೆರಳಿಂದ ಮುಟ್ಟಿ ತೋರಿಸಿದ.

"ನಾನು ಕೆಲಸ ಕಲೀತಿದ್ದಾಗ ಹಾಕಿದ ತೇಪೆ. ಇಷ್ಟು ದರಿದ್ರವಾಗಿ ಬೆಸುಗೆ ಹಾಕೋನು ಇನ್ನೊಬ್ಬ ಹುಟ್ಟಿಲ್ಲಮ್ಮ. ನಿಮ್ಮಪ್ಪ ಇದನ್ನ ಸಿಕ್ಕಸಿಕ್ಕವರಿಗೆಲ್ಲ ತೋರಿಸಿ ನನ್ನ ಮಾನ ಕಳೀತಿದ್ದ."

ಅವಳು ಸ್ಟೂಲಿನ ಮೇಲೆ ಕೂತಳು. ಅಪ್ಪ ಒಂಬತ್ತು ವರ್ಷದ ಹಿಂದೆ ಸರ್ಕಸ್ಸಿನ ಬ್ಯಾಂಡಿನಲ್ಲಿ ಊದಲು ಹೋಗಿದ್ದ. ಮೂರು ತಿಂಗಳು ಎಂದು ಹೋದವನು ವಾಪಸ್ಸು ಬರಲಿಲ್ಲ. ಸರ್ಕಸ್ಸು ಡೇರೆ ಕಿತ್ತು ಎತ್ತಲೋ ಹೋಯಿತು. ಯಾವಳನ್ನೋ ಕಟ್ಟಿಕೊಂಡಿದ್ದಾನೆ ಎಂದು ಜನ ಹೇಳಿದರು, ಅಮ್ಮ ನಂಬಿದಳು. ಅಂದಿನಿಂದ ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮೊದಲು ಅವನಿಗೆ ಬೈಯುವುದು ಅಮ್ಮನ ದಿನಚರಿ. ಈಗಲೂ ಜೊತೆಗೆ ಬಂದಿದ್ದಳು. ಅವನ ತುತ್ತೂರಿಯ ಮುಖ ನೋಡುವುದಿಲ್ಲವೆಂದು ಹಟ ಹಿಡಿದು, ಮಹಡಿಯ ಅಂಗಡಿಗೆ ಹತ್ತದೆ ಕೆಳಗೆ ಬೀದಿಬಾಗಿಲ ಕಲ್ಲಿನ ಮೇಲೆ ಕೂತಿದ್ದಳು.

ಮಗಳ ಲೆಕ್ಕಾಚಾರ ಸರಳವಾಗಿತ್ತು. ಹಳೇ ಸಾಮಾನಿನ ಅಂಗಡಿಯಲ್ಲಿ ಅಪ್ಪನ ಟ್ರಂಪೆಟ್ ಸಿಕ್ಕಿದೆ ಅಂದರೆ ಅಪ್ಪ ಅದನ್ನು ಮಾರಿದ್ದಾನೆ. ಮಾರಿದ್ದಾನೆ ಅಂದರೆ ಬದುಕಿದ್ದಾನೆ. ಅಂಗಡಿಯವನಿಗೆ ಮಾರಿದವನ ಮುಖ ನೆನಪಿಲ್ಲ, ಆದರೂ ರಜೆ ಹಾಕಿ ಹುಡುಕುವುದಾಗಿ ಹೇಳಿದಳು. ಮನೆಗೆ ಕರೆತರಲು ಅಲ್ಲ. ಎದುರಿಗೆ ನಿಂತು, ನಾವೇನು ತಪ್ಪು ಮಾಡಿದ್ದೆವು ಎಂದು ಒಂದು ಮಾತು ಕೇಳಲು.

ರಿಪೇರಿಯವನು ಅರ್ಧ ಕೇಳುತ್ತ ಅರ್ಧ ಕೆಲಸ ಮಾಡುತ್ತಿದ್ದ. ತುಟಿಗಿಟ್ಟು ಊದುವ ಮೌತ್‌ಪೀಸ್ ಕೊಳವೆಗೆ ಕಚ್ಚಿಕೊಂಡಿತ್ತು. ಕೈಯಲ್ಲಿ ತಿರುಗಿಸಿದರೆ ಅಲುಗಲಿಲ್ಲ. ತಿರುಪಿನ ಇಕ್ಕಳ ಹಾಕಿ ನಿಧಾನಕ್ಕೆ ಬಿಗಿದಾಗ ಟಕ್ಕೆಂದು ಬಿಟ್ಟುಕೊಂಡಿತು. ಹಸಿರು ಕಿಲುಬನ್ನು ಬಟ್ಟೆಯಿಂದ ಒರೆಸಿ ಅದರ ಅಂಚನ್ನು ಉಗುರಿನಲ್ಲಿ ಸವರಿದ. ಅಂಚು ಒಂದು ಕಡೆ ತೆಳ್ಳಗಿತ್ತು. ಅವನ ಕೈ ಅಲ್ಲೇ ನಿಂತಿತು.

"ಇದೂ ಜೊತೇಲೇ ಬಂತಾ?"

"ಹೂಂ. ಹಾಗೇ ಸೇರಿಕೊಂಡಿತ್ತು. ಯಾಕೆ ಮಾಮ?"

ಅವನು ಬಟ್ಟೆ ಮಡಿಸಿಟ್ಟ. ಆಮೇಲೆ ಹೇಳಿದ: "ನಿಮ್ಮಪ್ಪ ಇದನ್ನ ಮಾರಿಲ್ಲ ಕಣಮ್ಮ."

ಊದುವವರು ಟ್ರಂಪೆಟ್ ಮಾರುತ್ತಾರೆ, ಅಡ ಇಡುತ್ತಾರೆ, ಕುಡಿದು ಎಲ್ಲೋ ಬಿಟ್ಟೂ ಬರುತ್ತಾರೆ. ಮೌತ್‌ಪೀಸ್ ಮಾತ್ರ ಊದಿ ಮುಗಿದ ಕೂಡಲೇ ಕಳಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ತುಟಿ ಅದಕ್ಕೆ ಒಗ್ಗಿರುತ್ತದೆ. ಅವಳ ಅಪ್ಪನಿಗಂತೂ ಮುಂದಿನ ಹಲ್ಲು ಮುರಿದಿತ್ತು. ಅಂಚನ್ನು ಆ ಹಲ್ಲಿಗೆ ಸರಿಯಾಗಿ ಅರದಿಂದ ಉಜ್ಜಿಕೊಟ್ಟವನು ಈ ರಿಪೇರಿಯವನೇ. ಬೇರೆ ಯಾವುದನ್ನು ಬಾಯಿಗಿಟ್ಟರೂ ಅವನಿಗೆ ಸ್ವರ ಬರುತ್ತಿರಲಿಲ್ಲ.

"ಯಾರಾದ್ರೂ ಕದ್ದಿರಬಹುದಲ್ಲ" ಎಂದಳು.

"ಕದ್ದಿದ್ರೆ ನಿಮ್ಮಪ್ಪ ಇನ್ನೊಂದು ತಗೊಂಡು ಉಜ್ಜಿಸಿಕೊಳ್ಳೋಕೆ ನನ್ನ ಹತ್ರ ಬರಬೇಕಿತ್ತು. ಒಂಬತ್ತು ವರ್ಷದಲ್ಲಿ ಬರಲಿಲ್ಲ. ಊದಿ ಮುಗಿಸಿದ್ರೆ ಕಳಚಿರ್ತಿದ್ದ. ಮುಗಿಸಿಲ್ಲ."

ಮುಂದಿನದನ್ನು ಅವನು ಹೇಳಲಿಲ್ಲ. ಊದುತ್ತಲೇ ಅಪ್ಪ ಕುಸಿದದ್ದು, ಸರ್ಕಸ್ಸಿನವರು ಟ್ರಂಪೆಟ್ಟನ್ನು ಹಾಗೇ ಗೋಣಿಯಲ್ಲಿ ತುಂಬಿದ್ದು, ದಾರಿಯಲ್ಲಿ ಯಾವುದೋ ಊರಿನ ಆಸ್ಪತ್ರೆ, ವಿಳಾಸವಿಲ್ಲದ ಒಂದು ಹೆಣ, ಇವನ್ನೆಲ್ಲ ಅವಳೇ ಒಂದೊಂದಾಗಿ ಜೋಡಿಸಿಕೊಂಡಳು. ಅಂಥ ಹೆಣಗಳ ಎಕ್ಸ್-ರೇ ಫಿಲ್ಮನ್ನು ಅವಳೂ ತೆಗೆದಿದ್ದಳು. ಅಳು ಬರಲಿಲ್ಲ. ಮನೆಯಲ್ಲಿ ಅಪ್ಪನ ಒಂದು ಫೋಟೊ ಕೂಡ ಉಳಿದಿಲ್ಲ, ಅಮ್ಮ ಎಲ್ಲವನ್ನೂ ಒಲೆಗೆ ಹಾಕಿದ್ದಳು ಅನ್ನುವುದೊಂದೇ ತಲೆಗೆ ಬಂತು.

"ಅಮ್ಮನಿಗೆ ನಾನು ಹೇಳ್ಲಾ?" ಎಂದು ಅವನು ಎದ್ದ.

ಅವಳು ಅವನ ತೋಳು ಹಿಡಿದು ಕೂರಿಸಿದಳು. ಮೌತ್‌ಪೀಸನ್ನು ತನ್ನ ಚೀಲಕ್ಕೆ ಹಾಕಿಕೊಂಡು, ಟ್ರಂಪೆಟ್ಟನ್ನು ಬೋಳಾಗಿಯೇ ಎತ್ತಿಕೊಂಡು ಮೆಟ್ಟಿಲ ತುದಿಗೆ ಹೋದಳು. ಕೆಳಗಿನಿಂದ ಅಮ್ಮ, ಅವನದೇನೇ ಎಂದು ಕೇಳಿದಳು.

"ಅವನದೇ. ಮಾರ್ಕೊಂಡಿದ್ದಾನೆ."

ಅಮ್ಮ ಶುರುಮಾಡಿದಳು. ದಿನವೂ ಬೈಯುತ್ತಿದ್ದುದಕ್ಕಿಂತ ಗಟ್ಟಿಯಾಗಿ, ಗೆದ್ದವಳ ಧ್ವನಿಯಲ್ಲಿ, ಅವನ ಕುಲ, ಅವನ ಗುಣ, ಅವನು ಕಟ್ಟಿಕೊಂಡವಳ ಮೂಗು ಮೂತಿ ಒಂದನ್ನೂ ಬಿಡದೆ ಬೈದಳು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು. ಬೈದು ಬೈದು ಉಸಿರು ಕಟ್ಟಿದಾಗ ಸೆರಗಿನಿಂದ ಬಾಯಿ ಒರೆಸಿಕೊಂಡು ಮಗಳ ಕಡೆ ತಲೆಯೆತ್ತಿ ಹೇಳಿದಳು:

"ಮಾರಿ ಬಂದದ್ದರಲ್ಲಿ ಒಂದು ಹೊತ್ತಾದ್ರೂ ಹೊಟ್ಟೆ ತುಂಬ ತಿಂದ್ನೋ ಏನೋ, ಮುಂಡೇದು."